ಬಾಗ್ಲಕ್ಬೇಡ ಎಂಬ ಊರು

ವೇಲಚೇರಿ, ಚೆನ್ನೈ
ಗುರುವಾರ, 13 ಫೆಬ್ರವರಿ 2025

ನನ್ನ ನಮಿತಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡೋಣವೆಂದರೆ, ಎಲ್ಲರೂ ಅಂತ ಈ ಮನೆಯಲ್ಲಿ ಯಾರಿದ್ದಾರೆ? ನಾನು, ಮತ್ತೆ ಈ ತಿಂಗಳ ಮಟ್ಟಿಗೆ ಒಬ್ಬರು ಅತಿಥಿ. ನನ್ನ ಫೋನು ನಿನಗೆ ಬರದ ಹಾಗೆ ಮಾಡಿಟ್ಟಿದ್ದೀ, ಅದಕ್ಕೇ ಈ ಕಾಗದ. ತರುವವಳು ಮೂರನೇ ಮಹಡಿಯ ದಾಕ್ಷಾಯಿಣಿ ಆಂಟಿ, ಅವಳ ಬ್ಯಾಂಕು ನೀನಿರುವ ಪೋರೂರಿನಲ್ಲೇ ಉಂಟು. ತಮಿಳು ಶಾಲೆಯಲ್ಲಿ ಓದಿದವಳು ನೀನು ಎಂದು ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಅಪ್ಪನ ಹೋಟೆಲಿನ ತಿಂಡಿ ಬೋರ್ಡು ಓದಿಸಿ ಓದಿಸಿ ನಿನಗೆ ಕನ್ನಡ ಕಲಿಸಿದವಳು ನಾನು. ಗೋಳಿಬಜೆ, ಬನ್ಸ್ ಓದಿದ ಹಾಗೆ ಇದನ್ನೂ ಓದು ಮಗಾ, ಹರಿದು ಹಾಕುವುದಾದರೆ ಆಮೇಲೆ ಹಾಕು.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ಸಂಜೆ ಐದೂವರೆಗೆ ನೀನು ಇಲ್ಲಿಗೆ ಬರಬೇಕು. ಮನೆಯೊಳಗೆ ಬರಬೇಡ, ಕೆಳಗೆ ಕಾರು ನಿಲ್ಲಿಸುವ ಜಾಗದ ತನಕ ಬಂದರೆ ಸಾಕು. ಎಂಬತ್ತೊಂದು ವರ್ಷದ ಒಬ್ಬ ಹೆಂಗಸಿಗೆ ನಾನು ದೊಡ್ಡ ಸುಳ್ಳು ಹೇಳಿ ಕೂತಿದ್ದೇನೆ. ಅದನ್ನು ನಂಬಿ ಅವರು ಸೋಮವಾರ ರೈಲು ಹತ್ತುತ್ತಾರೆ. ಅಷ್ಟರೊಳಗೆ ನಿಜ ಹೇಳಬೇಕು, ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಬೇಕು. ನನ್ನ ಇಂಗ್ಲಿಷ್ ನಿನಗೆ ಗೊತ್ತಲ್ಲ, ಇಡ್ಲಿ ಬಡಿಸುವುದಕ್ಕೆ ಸಾಕು, ಕ್ಷಮೆ ಕೇಳುವುದಕ್ಕೆ ಸಾಲದು.

ಅವರ ಹೆಸರು ಎನಿಡ್ ಮುನ್‌ಸಾಮಿ. ಊರು ಗಯಾನಾ. ಅಪ್ಪ ಕ್ರಿಕೆಟ್ ನೋಡುವಾಗ ವೆಸ್ಟ್ ಇಂಡೀಸ್, ವೆಸ್ಟ್ ಇಂಡೀಸ್ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರಲ್ಲ, ಆ ಕಡೆ. ಅಲ್ಲಿನ ಕಬ್ಬಿನ ತೋಟಗಳಿಗೆ ಕೂಲಿಗೆಂದು ಹಿಂದೆ ನಮ್ಮ ಮದರಾಸಿನಿಂದಲೇ ಹಡಗು ಹೋಗುತ್ತಿತ್ತಂತೆ. ಎನಿಡ್ ಅವರ ಅಜ್ಜಿ ಹಾಗೆ ಹೋದವಳು. ಇವರು ಹುಟ್ಟಿದ್ದು ಕೂಲಿಗಳ ಸಾಲುಮನೆಯಲ್ಲಿ, ಆಮೇಲೆ ಶಾಲೆಯ ಟೀಚರು, ಅದಾದ ಮೇಲೆ ಐವತ್ತು ವರ್ಷ ನಾಟಕ. ಬರೆದದ್ದು ಮೂವತ್ತೆರಡು. ಅವರ ದೇಶದಲ್ಲಿ ಬಡವರ ನಾಟಕ ಎಂದರೆ ಇವರ ಹೆಸರೇ ಮೊದಲಂತೆ. ಇಲ್ಲಿನ ಒಂದು ಕಾಲೇಜಿನವರು ಒಂದು ತಿಂಗಳಿಗೆ ಕರೆಸಿದ್ದಾರೆ. ಹಾಸ್ಟೆಲಿನ ಮೆಟ್ಟಿಲು ಅವರಿಂದಾಗುವುದಿಲ್ಲ ಎಂದು ನನ್ನ ಮನೆಗೆ ತಂದು ಬಿಟ್ಟರು, ನಮ್ಮಲ್ಲಿ ಲಿಫ್ಟ್ ಉಂಟಲ್ಲ. ನಿನ್ನ ಕೋಣೆಯಲ್ಲಿ, ನಿನ್ನ ಮಂಚದ ಮೇಲೆ ಮಲಗುತ್ತಾರೆ. ಬಂದ ದಿನವೇ ಗೋಡೆಯ ಮೇಲಿನ ನಿನ್ನ ಫೋಟೋ ನೋಡಿ ಇವಳು ಎಲ್ಲಿ ಎಂದು ಕೇಳಿದರು. ಪೋರೂರಿನಲ್ಲಿ, ತುಂಬಾ ಕೆಲಸ, ಬರಲಿಕ್ಕೆ ಆಗುವುದಿಲ್ಲ ಎಂದೆ. ಅದು ಮೊದಲನೇ ಸುಳ್ಳು, ಚಿಕ್ಕದು.

ಅವರ ನಾಟಕದ ಕಥೆ ಕೇಳಿದರೆ ನೀನು ನಗುತ್ತೀ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರನ್ನು ಸೇರಿಸಿ ಒಂದು ನಾಟಕ ಕಟ್ಟಿದರು. ತೋಟದವರ ಕ್ಲಬ್ಬಿನಲ್ಲಿ ಹಾಲ್ ಕೇಳಿದರೆ, ಕೆಸರು ಕಾಲಿನವರಿಗೆ ನೆಲ ಕೊಡುವುದಿಲ್ಲ ಎಂದರಂತೆ. ಸರಿ, ಆ ಕಡೆ ಮನೆಗಳೆಲ್ಲ ನೀರಿಗೆ ಹೆದರಿ ಕಂಬದ ಮೇಲೆ ನಿಂತಿರುತ್ತವೆ. ಕೆಳಗಿನ ಖಾಲಿ ಜಾಗದಲ್ಲಿ ಬಟ್ಟೆ ಒಣಗಿಸುವುದು, ಮದುವೆ, ಸೂತಕ ಎಲ್ಲ ನಡೆಯುತ್ತದೆ. ಇವರು ತಮ್ಮದೇ ಮನೆಯ ಕೆಳಗೆ ಎರಡು ಲಾಟೀನು ತೂಗುಹಾಕಿ ಆಟ ಶುರು ಮಾಡಿಬಿಟ್ಟರು. ಐವತ್ತು ವರ್ಷ ಹೀಗೇ ಮನೆ ಮನೆಯ ಕೆಳಗೆ. ಒಮ್ಮೆ ಒಬ್ಬ ಪೊಲೀಸಿನವನು ನಿಲ್ಲಿಸಲು ಬಂದರೆ, ಪೊಲೀಸಿನ ಪಾತ್ರಕ್ಕೆ ಜನ ಸಿಕ್ಕಿರಲಿಲ್ಲ, ನೀವೇ ಮಾಡಿ ಎಂದು ಅವನನ್ನೇ ಒಳಗೆ ಎಳೆದುಕೊಂಡರಂತೆ. ಗಂಡ ಕೆನಡಾಕ್ಕೆ ಹೊರಟು ನಾಟಕವೋ ನಾನೋ ಎಂದ. ಇವರು ಆ ವಾರ ಹೊಸ ಆಟದ ತಾಲೀಮು ಇದೆ ಎಂದರು. ನಮ್ಮ ಈ ಫ್ಲಾಟಿನ ಕೆಳಗೆ ಬರೀ ಕಂಬ, ಮಧ್ಯೆ ಕಾರುಗಳು. ಮಳೆಗಾಲದಲ್ಲಿ ನೀರು ನುಗ್ಗುತ್ತದೆ ಎಂದು ಕಟ್ಟಿದವರೂ ಕೆಳಗೆ ಮನೆ ಮಾಡಲಿಲ್ಲವಲ್ಲ. ಅದನ್ನು ನೋಡಿ ಎನಿಡ್ ನಿಂತಲ್ಲೇ ಕೈ ತಟ್ಟಿದರು, ಇದು ನಮ್ಮನೆ ಎಂದರು. ಹಾಗಾಗಿ ನನ್ನ ನಾಟಕ ತಂಡದಿಂದ ಅವರು ಆಡಿಸುವ ಭಾನುವಾರದ ಆಟ ಅಲ್ಲೇ.

ಅವರಲ್ಲಿ ಒಂದು ನಿಯಮ ಉಂಟು, ಅದನ್ನು ನೀನು ತಿಳಿದಿರಬೇಕು. ಆಟದ ಮಧ್ಯೆ ನೋಡುವವರಲ್ಲಿ ಯಾರಿಗಾದರೂ ಇದು ಸುಳ್ಳು ಅನಿಸಿದರೆ ಎದ್ದು ನಿಂತು 'ಹಾಗಲ್ಲ' ಎನ್ನಬಹುದು. ಎಂದರೆ ಮುಗಿಯಿತು, ಆಟ ನಿಲ್ಲಬೇಕು. ಎದ್ದವರು ಹೇಗೆ ಎಂದು ಹೇಳಬೇಕು, ಆಡುವವರು ಹಾಗೇ ಮತ್ತೆ ಆಡಬೇಕು. ನಮ್ಮ ತಂಡದ ಎಣ್ಣೂರಿನ ಹೆಂಗಸರಿಗೆ ಇದು ಸಕ್ಕರೆಯ ಹಾಗೆ ಹಿಡಿಸಿಬಿಟ್ಟಿದೆ. ತಾಲೀಮಿನಲ್ಲಿ ನಿಮಿಷಕ್ಕೊಬ್ಬರು ಎದ್ದು ತಮ್ಮ ತಮಿಳಿನಲ್ಲಿ 'ಅಪ್ಪಡಿ ಇಲ್ಲೆ' ಎನ್ನುತ್ತಾರೆ. ಅವರಲ್ಲಿ ನಿನ್ನ ಅತ್ತೆಯೂ ಇದ್ದಾರೆ. ಹೌದು, ತಿರುಮಲನ ಅಮ್ಮ. ಮೂರು ವರ್ಷ ನನ್ನ ತಂಡದ ಕಡೆ ತಲೆ ಹಾಕಿರಲಿಲ್ಲ, ಎನಿಡ್ ಅವರ ಹೆಸರು ಕೇಳಿ ಬಂದರು. ನನ್ನ ಹತ್ತಿರ ನೇರವಾಗಿ ಮಾತಾಡುವುದಿಲ್ಲ. ಟೀ ಬೇಕಾ ಎಂದು ಕೇಳಿದರೂ ಪಕ್ಕದವಳಿಗೆ ಉತ್ತರ ಕೊಡುತ್ತಾರೆ. ನಿನಗೆ ಅವರು ಇದನ್ನೆಲ್ಲ ಹೇಳಿರಬಹುದು, ಹೇಳದೆಯೂ ಇರಬಹುದು.

ಈಗ ಸುಳ್ಳಿನ ವಿಷಯ.

ಎನಿಡ್ ಅವರಿಗೆ ಏಳು ವರ್ಷವಿದ್ದಾಗ ಅವರ ಅಜ್ಜಿ ತೀರಿಕೊಂಡಳು. ಅಜ್ಜಿಯ ಭಾಷೆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆದರೆ ಅಜ್ಜಿ ದಿನಾ ಸಂಜೆ ದೀಪ ಹಚ್ಚಿ ಒಂದೇ ಮಾತು ಹೇಳುತ್ತಿದ್ದಳಂತೆ. ಅದು ಅಜ್ಜಿಯ ಊರಿನ ಹೆಸರು, ಊರು ನೆನೆಸಿಕೊಳ್ಳುತ್ತಾಳೆ ಎಂದು ಎನಿಡ್ ಅವರ ತಂದೆ ಹೇಳಿದರು. ಆ ಹೆಸರನ್ನೇ ಇವರು ತಮ್ಮ ನಾಟಕ ತಂಡಕ್ಕೆ ಇಟ್ಟರು. ಐವತ್ತು ವರ್ಷ ಪ್ರತಿ ಆಟದ ಕೊನೆಗೂ ಎಲ್ಲರೂ ಒಟ್ಟಿಗೆ ನಿಂತು ಆ ಹೆಸರು ಕೂಗಿ ದೀಪ ಆರಿಸುತ್ತಾರೆ. ಸಾಯುವ ಮೊದಲು ಆ ಊರು ನೋಡಬೇಕು ಎಂದೇ ಇಷ್ಟು ದೂರ ಬಂದದ್ದು. ಕಾಲೇಜಿನ ತಮಿಳು ಮೇಷ್ಟ್ರುಗಳು ಇದು ತಮಿಳಲ್ಲ, ಕನ್ನಡ ಇರಬೇಕು, ಬಾಗಲಕೋಟೆಯೇ ಇರಬಹುದು ಎಂದು ನನ್ನ ಕಡೆ ಕಳಿಸಿದರು. ಮೂರು ವಾರದ ಹಿಂದೆ ನಮ್ಮ ಊಟದ ಮೇಜಿನ ಮೇಲೆ ಟೀ ಲೋಟ ಇಟ್ಟು, ಎನಿಡ್ ಆ ಹೆಸರನ್ನು ಮೆಲ್ಲಗೆ ಬಿಡಿಸಿ ಬಿಡಿಸಿ ಹೇಳಿದರು. ಬಾಗ್ಲಕ್ಬೇಡ.

ನಿನಗೂ ಈಗ ಗೊತ್ತಾಯಿತಲ್ಲ. ನಮ್ಮ ಕಡೆಯವರಿಗೆ ಗೊತ್ತಾಗದೆ ಇರುತ್ತದಾ? ಬಾಗ್ಲ್ ಹಾಕ್ಬೇಡ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ಹಾಕಬಾರದು, ಲಕ್ಷ್ಮಿ ಬರುವ ಹೊತ್ತು. ನೀನು ಚಿಕ್ಕವಳಿದ್ದಾಗ ಸೊಳ್ಳೆ ಬರುತ್ತದೆ ಎಂದು ಬಾಗಿಲು ತಳ್ಳಲು ಹೋದರೆ ನಾನು ಅಡುಗೆಮನೆಯಿಂದಲೇ ಕೂಗುತ್ತಿದ್ದೆನಲ್ಲ, ಅದೇ ಮಾತು. ಆ ಅಜ್ಜಿ ತಮಿಳಿನವಳಲ್ಲ, ನಮ್ಮವಳು. ಮದರಾಸಿನಲ್ಲಿ ಹಡಗು ಹತ್ತಿದವರೆಲ್ಲ ಅಲ್ಲಿ ಮದ್ರಾಸಿಗಳು. ಸಾಲುಮನೆಯಲ್ಲಿ ಸೊಳ್ಳೆಗೆ ಯಾರೋ ಬಾಗಿಲು ಹಾಕಲು ಹೋಗುತ್ತಿದ್ದರು, ಈ ಮುದುಕಿ ಬೇಡ ಎನ್ನುತ್ತಿದ್ದಳು. ಅದು ಊರಲ್ಲ, ಬರೀ ಗದರಿಕೆ.

ನಾನು ತಕ್ಷಣ ಹೇಳಬೇಕಿತ್ತು. ನಕ್ಕು ಹೇಳಿದ್ದರೆ ಅವರೂ ನಗುತ್ತಿದ್ದರೋ ಏನೋ. ಆದರೆ ಆ ಮಾತು ಕೇಳಿದ ಕೂಡಲೇ ನಾನು ಸುಮ್ಮನೆ ಮೇಜು ಒರೆಸತೊಡಗಿದೆ, ಯಾಕೆ ಎಂದು ಇಲ್ಲಿ ಬರೆಯುವುದಿಲ್ಲ. ಬಾಗಲಕೋಟೆ ಹತ್ತಿರವಾ ಎಂದು ಅವರು ಮತ್ತೆ ಕೇಳಿದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಹೌದು, ಬಾಗಲಕೋಟೆ ಹತ್ತಿರ, ಈಗ ಆ ಊರು ಇಲ್ಲ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಯಿತು ಎಂದೆ. ದಾಕ್ಷಾಯಿಣಿ ಆಂಟಿ ತನ್ನ ತವರಿನ ಮುಳುಗಡೆ ಕಥೆ ಹೇಳುತ್ತಿದ್ದಳಲ್ಲ, ಅದು ನೆನಪಿಗೆ ಬಂದದ್ದು. ಊರೇ ಇಲ್ಲ ಎಂದರೆ ವಿಷಯ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಎಂತ ಬುದ್ಧಿ ನೋಡು. ಎನಿಡ್ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಮುಳುಗಿದರೇನಂತೆ, ದಡದಲ್ಲಿ ನಿಲ್ಲುತ್ತೇನೆ ಎಂದರು.

ಟಿಕೆಟ್ ಆಗಿದೆ, ಸೋಮವಾರಕ್ಕೆ, ಅವರಿಗೂ ನನಗೂ. ಅಜ್ಜಿಯ ಗೋರಿಯ ಮಣ್ಣು ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದಾರೆ. ಅದನ್ನು ಆ ನೀರಿಗೆ ಬಿಡುತ್ತಾರಂತೆ. ಅಜ್ಜಿಯನ್ನು ಮನೆಗೆ ಮುಟ್ಟಿಸಿದ ಹಾಗೆ ಆಗುತ್ತದೆ ಎನ್ನುತ್ತಾರೆ. ದಿನಾ ಬೆಳಿಗ್ಗೆ ಆ ಗಂಟು ತೆಗೆದು ನೋಡಿ ಮತ್ತೆ ಪೆಟ್ಟಿಗೆಯಲ್ಲಿ ಇಡುತ್ತಾರೆ. ಯಾವುದೋ ಊರಿನ ಯಾವುದೋ ನೀರಿಗೆ ನಾನು ಆ ಮಣ್ಣು ಹಾಕಿಸಬೇಕಾ ನಮಿತಾ?

ಸಾಲದ್ದಕ್ಕೆ ಆಟದಲ್ಲಿ ಅಜ್ಜಿಯ ಪಾತ್ರ ನನ್ನದೇ. ಕೊನೆಯಲ್ಲಿ ದೀಪ ಹಚ್ಚಿ ದೂರ ನೋಡುತ್ತಾ 'ಬಾಗ್ಲಕ್ಬೇಡ' ಎನ್ನಬೇಕು, ಬಿಟ್ಟು ಬಂದ ಊರಿನ ಸಂಕಟದಲ್ಲಿ. ಹದಿನಾಲ್ಕು ದಿನದಿಂದ ನನಗೆ ಅದು ಬಂದೇ ಇಲ್ಲ. ಮೊನ್ನೆ ಸೋಮವಾರದ ತಾಲೀಮಿನಲ್ಲಿ ನಿನ್ನ ಅತ್ತೆ ಎದ್ದು ಅಪ್ಪಡಿ ಇಲ್ಲೆ ಎಂದರು. ಈ ಅಮ್ಮ ಬಸ್ಸಿನ ಬೋರ್ಡು ಓದಿದ ಹಾಗೆ ಹೇಳುತ್ತಾರೆ, ಬಿಟ್ಟು ಬಂದವರ ಬಾಯಲ್ಲಿ ಹೀಗೆ ಬರುವುದಿಲ್ಲ ಎಂದು ಪಕ್ಕದವಳಿಗೆ ಹೇಳಿದರು. ಎಲ್ಲರೂ ನಕ್ಕರು. ಎನಿಡ್ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಸುಗುಣಾ, ನೀನು ಇಲ್ಲಿ ಏನೋ ಮುಚ್ಚಿಡುತ್ತಿದ್ದೀ ಎಂದರು. ಐವತ್ತು ವರ್ಷ ಜನರ ಸುಳ್ಳು ಕೇಳಿದ ಕಿವಿ ಅದು.

ನಿನ್ನೆ ದಾಕ್ಷಾಯಿಣಿ ಆಂಟಿ ಮೇಲಿನಿಂದ ಇಳಿದು ಬಂದಳು. ನಮ್ಮ ಜೊತೆ ದಾರಿ ತೋರಿಸಲು ಯಾರಾದರೂ ಇರಲಿ ಎಂದು ಅವಳು ತನ್ನ ಸೋದರಮಾವ ರೇವಣಸಿದ್ದಪ್ಪನವರಿಗೆ ಫೋನು ಮಾಡಿದ್ದಳು. ಅವರು ಮುಳುಗಡೆ ಹಳ್ಳಿಗಳನ್ನೆಲ್ಲ ಬೆರಳು ಮಡಚಿ ಹೇಳಬಲ್ಲವರು. ಅಂಥ ಊರೇ ಇಲ್ಲ ಎಂದರಂತೆ. ಇವಳು ನನ್ನೆದುರು ಕೂತು ಆ ಹೆಸರನ್ನು ಎರಡು ಸಲ ತನ್ನ ಬಾಯಲ್ಲಿ ಆಡಿಸಿದಳು, ಬಾಗ್ಲ ಹಾಕಬ್ಯಾಡ ಎಂದು ತಮ್ಮ ಕಡೆಯ ರಾಗದಲ್ಲಿ ಹೇಳಿ ಜೋರಾಗಿ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನನಗೆ ಮೊದಲೇ ಗೊತ್ತಿತ್ತು ಎಂದು ಅವಳಿಗೆ ತಿಳಿದುಹೋಯಿತು. ಒಳ್ಳೆಯವಳು, ಬೈಯಲಿಲ್ಲ. ಆದರೆ ಭಾನುವಾರದೊಳಗೆ ನೀವು ಹೇಳದಿದ್ದರೆ ಆಟದ ಮಧ್ಯೆ ಎದ್ದು ನಾನೇ ಹಾಗಲ್ಲ ಎನ್ನುತ್ತೇನೆ ಎಂದು ಹೇಳಿ ಎದ್ದಳು. ಮಾಡುವವಳೇ ಅವಳು. ಈ ಕಾಗದ ನಿನಗೆ ಮುಟ್ಟಿಸುವ ಉಪಾಯವೂ ಅವಳದೇ.

ಹಾಗಾಗಿ ನಾನೇ ಎದ್ದು ಹೇಳುತ್ತೇನೆ ಎಂದು ತೀರ್ಮಾನ ಮಾಡಿದ್ದೇನೆ. ಅಜ್ಜಿಯ ವೇಷದಲ್ಲಿ, ದೀಪದ ಎದುರು, ನನ್ನ ಆಟವನ್ನು ನಾನೇ ನಿಲ್ಲಿಸಿ ಹಾಗಲ್ಲ ಎನ್ನುತ್ತೇನೆ. ನೀನು ಪಕ್ಕದಲ್ಲಿ ನಿಂತು ಎನಿಡ್ ಅವರಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ನಿಮ್ಮ ಅಜ್ಜಿ ಊರು ನೆನೆಸಿ ಅತ್ತದ್ದಲ್ಲ, ಯಾರೋ ಬರುತ್ತಾರೆ, ಬಾಗಿಲು ತೆಗೆದಿರಲಿ ಎಂದದ್ದು ಎಂದು ಹೇಳು. ನೀವು ಐವತ್ತು ವರ್ಷ ಬಾಗಿಲೇ ಇಲ್ಲದ ಜಾಗದಲ್ಲಿ ಆಟ ಆಡಿಸಿದಿರಿ, ಅಜ್ಜಿಯ ಮಾತು ನಡೆಸಿದ್ದೀರಿ ಎಂದೂ ಸೇರಿಸು. ಇದು ಸಮಾಧಾನಕ್ಕೆ ಕಟ್ಟಿದ ಮಾತಲ್ಲ, ನಿಜವಾಗಿ ನನಗೆ ಹಾಗೇ ಅನಿಸುತ್ತದೆ. ಆಮೇಲೆ ಅವರು ನನಗೆ ಉಗಿದರೆ ಉಗಿಯಲಿ, ಆ ಮಣ್ಣಿನ ಗಂಟು ತಗೊಂಡು ಅವತ್ತೇ ಹೊರಟು ಹೋದರೂ ಹೋಗಲಿ.

ಬೇರೆ ಯಾರನ್ನಾದರೂ ಕರೆಯಬಹುದಿತ್ತು ಎನ್ನುತ್ತೀ. ಕಾಲೇಜಿನ ಹುಡುಗಿಯರು ಇದ್ದಾರೆ, ದಾಕ್ಷಾಯಿಣಿಯೇ ಇದ್ದಾಳೆ. ಆದರೆ ಬೇರೆಯವರ ಎದುರು ನಾನು ಅರ್ಧ ಹೇಳುತ್ತೇನೆ ಮಗಾ. ನಿನ್ನ ಎದುರು ಅರ್ಧ ಹೇಳಿದರೆ ನಿನಗೆ ಗೊತ್ತಾಗುತ್ತದೆ, ಚಿಕ್ಕಂದಿನಿಂದ ನೀನು ಹಾಗೇ.

ನೀನೂ ತಿರುಮಲನೂ ರಿಜಿಸ್ಟರ್ ಮದುವೆ ಮುಗಿಸಿ, ಕೊರಳಿನ ಹಾರ ಸಹ ತೆಗೆಯದೆ ಬಂದ ಆ ಕಾರ್ತಿಕದ ಸಂಜೆಯ ಬಗ್ಗೆ ನಾನು ಬರೆಯಲು ಹೊರಟವಳಲ್ಲ. ನಿಮ್ಮ ಮುಖದ ಮೇಲೆ ಬಾಗಿಲು ಬಿತ್ತು, ನೀವು ಹೋದಿರಿ. ಮಾರ್ಚಿಗೆ ಅಪ್ಪ ಹೋಗಿ ಒಂದು ವರ್ಷ. ನೀನು ಒಳಗೆ ಬಾರದೆ ಸ್ಮಶಾನದ ಗೇಟಿನ ಹೊರಗೆ, ರಸ್ತೆಯ ಆಚೆ ನಿಂತಿದ್ದದ್ದು ನಾನು ನೋಡಿದೆ. ಅಪ್ಪನ ಮೇಲಿನ ಸಿಟ್ಟು ನಿನಗೆ ಇನ್ನೂ ಆರಿಲ್ಲ ಎಂದು ಗೊತ್ತು. ಸತ್ತವರ ತಲೆಯ ಮೇಲೆ ಇನ್ನೇನು ಹೊರಿಸುವುದು, ಬಿಡು.

ಬಿಸಿಲು ಜೋರಾಗುತ್ತಿದೆ, ಎನಿಡ್ ಅವರಿಗೆ ಮಜ್ಜಿಗೆ ಕೊಡಬೇಕು. ಕೋಣೆಯ ಬಾಗಿಲು ಅವರು ಹಗಲೂ ಹಾಕುವುದಿಲ್ಲ. ಇಲ್ಲಿ ಕೂತು ಬರೆಯುವ ನನ್ನನ್ನು ಅಲ್ಲಿಂದ ನೋಡುತ್ತಿದ್ದಾರೆ. ಮಗಳಿಗೆ ಬರೆಯುತ್ತಿದ್ದೇನೆ ಎಂದೆ, ತಲೆಯಾಡಿಸಿದರು. ತಿರುಮಲನನ್ನೂ ಕರೆದುಕೊಂಡು ಬಾ. ನಮ್ಮ ನಾಟಕಕ್ಕೆ ಅವನ ಬದಲು ಬಂದ ದೀಪದವನಿಗೆ ಕತ್ತಲು ಎಲ್ಲಿ ಬಿಡಬೇಕು ಎಂದೇ ಗೊತ್ತಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ
(ಸುಗುಣಾ)

ತಾ.ಕ.: ಕಾಗದ ಮಡಚಿ ಕವರಿಗೆ ಹಾಕಿದ್ದೆ, ಅಂಟು ಹಚ್ಚಲು ಕೈ ಬರಲಿಲ್ಲ. ನೋಡು, ಮತ್ತೆ ಅರ್ಧವೇ ಬರೆದಿದ್ದೇನೆ.

ಅವತ್ತು ಬಾಗಿಲು ಹಾಕಿದ್ದು ಅಪ್ಪ ಅಲ್ಲ. ನಾನು. ನೀವು ಬೆಲ್ ಮಾಡಿದಾಗ ನಾನು ಆಗಷ್ಟೇ ದೀಪ ಹಚ್ಚಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಸಂದಿಯಲ್ಲಿ ನಿಮ್ಮ ಹಾರ ಕಂಡಿತು. ಎಣ್ಣೂರಿನ ಹೆಂಗಸರ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಇಪ್ಪತ್ತು ವರ್ಷ ನಾಟಕ ಆಡಿಸಿದವಳು ನಾನು. ಅವರಲ್ಲೊಬ್ಬರ ಮಗ ನನ್ನ ನಾಟಕಕ್ಕೆ ದೀಪ ಹಿಡಿದರೆ ನನಗೆ ಹೆಮ್ಮೆ, ನನ್ನ ಮಗಳ ಕೈ ಹಿಡಿದರೆ ಆಗಲಿಲ್ಲ. ಒಳಗಿನ ನೀಚತನ ಒಂದು ಕ್ಷಣದಲ್ಲಿ ಮೇಲೆ ಬಂದುಬಿಟ್ಟಿತು. ಅಪ್ಪ ಕಾಲು ನೋವೆಂದು ದೀಪದ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಏಳಲಿಕ್ಕೆ ಆಗಲಿಲ್ಲ ಅವರಿಗೆ. ಬಾಗ್ಲ್ ಹಾಕ್ಬೇಡ ಸುಗುಣಾ ಎಂದರು. ಮೂರು ಸಲ ಹೇಳಿದರು. ನಾನು ಚಿಲಕ ಹಾಕಿದೆ.

ಮರುದಿನ ನೀನು ಫೋನು ಮಾಡಿದಾಗ, ಅಪ್ಪ ಹಠ ಹಿಡಿದಿದ್ದಾರೆ, ಸ್ವಲ್ಪ ದಿನ ತಡಿ ಎಂದದ್ದು ಅವರ ಎದುರೇ. ಅವರು ಕೇಳಿಸಿಕೊಂಡರು. ತಿಂಡಿ ತಟ್ಟೆ ಪಕ್ಕಕ್ಕಿಟ್ಟು ಹೋಟೆಲಿಗೆ ಹೋದರು. ಸಾಯುವ ತನಕ ಒಂದು ದಿನವೂ ನಿಜ ಹೇಳಲಿಲ್ಲ, ನಿನಗೆ ಅಮ್ಮನಾದರೂ ಉಳಿಯಲಿ ಎಂದು ಇರಬೇಕು. ಎನಿಡ್ ಆ ಹೆಸರು ಹೇಳಿದಾಗ ನನಗೆ ಕೇಳಿದ್ದು ಯಾವ ಅಜ್ಜಿಯ ದನಿಯೂ ಅಲ್ಲ ನಮಿತಾ, ಅಪ್ಪನದು. ಅದಕ್ಕೇ ಆ ಮಾತಿನ ಅರ್ಥ ಹೇಳಲು ನನ್ನಿಂದ ಆಗಲಿಲ್ಲ.

ಭಾನುವಾರ ಆ ಮಾತನ್ನು ಅಪ್ಪ ಹೇಳಿದ ಹಾಗೇ ಹೇಳುತ್ತೇನೆ, ಮೂರು ಸಲ. ನೀನು ಅದನ್ನು ಒಮ್ಮೆ ಕೇಳಿಸಿಕೊಳ್ಳಬೇಕು. ಆಮೇಲೆ ಎದ್ದು ನಿಂತು ಹಾಗಲ್ಲ ಎನ್ನುವುದಾದರೆ ಎನ್ನು, ಆಟ ನಿಲ್ಲಿಸುತ್ತೇವೆ.